ಅರ್ಧಕ್ಕೆ ನಿಂತ ಡೌನ್‌ಲೋಡ್ ಮತ್ತೆ ಮೊದಲಿಂದ ಯಾಕೆ? ‘ಕರ್ಲ್’ ಲೈಬ್ರರಿಯ ಮುಂದಿನ ಕೆಲಸಗಳ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಫೋನ್ ಕೈಯಲ್ಲೇ ಇದ್ರೆ ಒಂದು ಸಣ್ಣ ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ವಿವರ ಇರುವ ಜಾಗದಲ್ಲಿ ಓಪನ್ ಸೋರ್ಸ್ ಲೈಸೆನ್ಸ್‌ಗಳ ಪಟ್ಟಿ ಹುಡುಕಿ. ಯಾರೂ ಓದದ, ಎಷ್ಟು ಸರಿಸಿದರೂ ಮುಗಿಯದ ಪಟ್ಟಿ ಅದು. ಆ ಪಟ್ಟಿಯಲ್ಲೋ, ನೀವು ದಿನಾ ಬಳಸುವ ಯಾವುದಾದರೂ ಆ್ಯಪ್‌ನ ಲೈಸೆನ್ಸ್ ಪುಟದಲ್ಲೋ ‘ಕರ್ಲ್’ ಅಂತ ಒಂದು ಹೆಸರು ಸಿಗುವ ಸಾಧ್ಯತೆ ಬಹಳ ಇದೆ. ಪಕ್ಕದಲ್ಲೇ ಡೇನಿಯಲ್ ಸ್ಟೆನ್‌ಬರ್ಗ್ ಅನ್ನುವ ಸ್ವೀಡನ್ ದೇಶದ ಒಬ್ಬರ ಹೆಸರೂ ಇರುತ್ತೆ.

ಇವತ್ತಿನ ಮಾತು ಈ ಕರ್ಲ್ ಬಗ್ಗೆ. ಅದು ಏನು, ಮುಂದೆ ಅದರಲ್ಲಿ ಏನೇನು ಸುಧಾರಣೆ ಆಗಬೇಕು ಅಂತ ಯೋಜನೆ ಇದೆ, ಆ ಪಟ್ಟಿ ಯಾಕೆ ಅಷ್ಟು ಬೇಗ ಕರಗೋದಿಲ್ಲ, ಮತ್ತು ಇದರಿಂದ ನಿಮಗೇನಾಗಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು, ಕರ್ಲ್ ಅಂದ್ರೇನು?

ಒಂದು ವಿಳಾಸ ಕೊಟ್ಟರೆ ಅಲ್ಲಿಂದ ಫೈಲ್ ತರುವುದು, ಅಥವಾ ಅಲ್ಲಿಗೆ ಫೈಲ್ ಕಳಿಸುವುದು. ಕರ್ಲ್ ಮಾಡುವ ಕೆಲಸ ಇಷ್ಟೇ. ಇದಕ್ಕೆ ಎರಡು ರೂಪ. ಒಂದು, ಕಂಪ್ಯೂಟರ್‌ನ ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಬಳಸುವ ಕಮಾಂಡ್. ಇನ್ನೊಂದು ಲಿಬ್‌ಕರ್ಲ್ ಅನ್ನುವ ಲೈಬ್ರರಿ. ಲೈಬ್ರರಿ ಅಂದ್ರೆ ಬೇರೆ ಆ್ಯಪ್‌ಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಸಿದ್ಧ ಕೋಡ್. ಮನೆ ಕಟ್ಟುವವರು ನಲ್ಲಿಯನ್ನ ತಾವೇ ಎರಕ ಹೊಯ್ಯೋದಿಲ್ಲ, ಅಂಗಡಿಯಿಂದ ತಂದು ಹಾಕ್ತಾರೆ ಅಲ್ವಾ? ಹಾಗೇ.

ಇದರ ಬೇರು 1996ರಲ್ಲಿದೆ. ಸ್ಟೆನ್‌ಬರ್ಗ್ ಒಂದು ಚಾಟ್ ಬಾಟ್‌ಗೆ ಆಯಾ ದಿನದ ಕರೆನ್ಸಿ ದರಗಳನ್ನು ಇಂಟರ್‌ನೆಟ್‌ನಿಂದ ತರಬೇಕಿತ್ತು. ಅದಕ್ಕೆ ಬ್ರೆಜಿಲ್‌ನ ಒಬ್ಬರು ಬರೆದಿದ್ದ ‘ಎಚ್‌ಟಿಟಿಪಿಗೆಟ್’ ಅನ್ನುವ ಪುಟ್ಟ ಪ್ರೋಗ್ರಾಂ ಸಿಕ್ಕಿತು. ಅದನ್ನೇ ತಿದ್ದುತ್ತಾ ಬೆಳೆಸುತ್ತಾ ಹೋದರು. 1998ರ ಮಾರ್ಚ್ 20ರಂದು ಅದು ಕರ್ಲ್ ಅನ್ನುವ ಹೆಸರಲ್ಲಿ ಹೊರಬಂತು. 2000ದಲ್ಲಿ ಲೈಬ್ರರಿ ರೂಪವೂ ಬಂತು. ಈಗ ಫೋನ್, ಟಿವಿ, ಕಾರು, ರೂಟರ್, ಗೇಮ್ ಕನ್ಸೋಲ್, ಸರ್ವರ್ ಎಲ್ಲ ಕಡೆ ಅದಿದೆ. ಒಟ್ಟು ಎರಡು ಸಾವಿರ ಕೋಟಿ ಪ್ರತಿಗಳಾದರೂ ಇರಬಹುದು ಅನ್ನೋದು ಸ್ಟೆನ್‌ಬರ್ಗ್ ಅವರ ಅಂದಾಜು. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್‌ಗೆ ನೆರವಾದ ಓಪನ್ ಸೋರ್ಸ್ ಯೋಜನೆಗಳ ಪಟ್ಟಿಯಲ್ಲೂ ಕರ್ಲ್ ಇತ್ತು.

ಮುಂದೇನು ಅಂತ ಯಾರು ತೀರ್ಮಾನ ಮಾಡ್ತಾರೆ?

ಕಂಪನಿಗಳಲ್ಲಿ ಮುಂದಿನ ಯೋಜನೆ ಗುಟ್ಟಾಗಿರುತ್ತೆ. ಇಲ್ಲಿ ಉಲ್ಟಾ. ‘ಮಾಡಬೇಕಾದ್ದು’ ಅನ್ನುವ ಉದ್ದದ ಪಟ್ಟಿಯೊಂದು ಕೋಡ್ ಜೊತೆಯಲ್ಲೇ ಎಲ್ಲರಿಗೂ ಕಾಣುವ ಹಾಗಿದೆ. ಸ್ಟೆನ್‌ಬರ್ಗ್ ವರ್ಷದ ಶುರುವಿನಲ್ಲಿ, ಈ ವರ್ಷ ತಾವು ಏನೇನು ಮಾಡಬೇಕು ಅಂದುಕೊಂಡಿದ್ದೀವಿ ಅಂತ ಬರೆದು ಹೇಳ್ತಾರೆ. ವರ್ಷಕ್ಕೊಮ್ಮೆ ಬಳಕೆದಾರರ ಸರ್ವೆ ನಡೆಯುತ್ತೆ. ಎಂಟು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತೆ.

ಆದರೆ ಒಂದು ಮಾತು ನೆನಪಿರಲಿ. ಪಟ್ಟಿಯಲ್ಲಿ ಇದೆ ಅಂದ ಮಾತ್ರಕ್ಕೆ ಅದು ಆಗಿಯೇ ಆಗುತ್ತೆ ಅಂತಲ್ಲ. ‘ಇದಾದರೆ ಒಳ್ಳೇದು, ಯಾರಾದರೂ ಮುಂದೆ ಬನ್ನಿ’ ಅನ್ನುವ ಕರೆ ಅದು. ವರ್ಷಗಟ್ಟಲೆ ಆ ಪಟ್ಟಿಯಲ್ಲಿ ಕಂಡಿರುವ ಕೆಲವು ಐಡಿಯಾಗಳನ್ನ ಈಗ ಬಿಡಿಸಿ ನೋಡೋಣ.

ಬಿಟ್ಟಲ್ಲಿಂದ ಮುಂದುವರಿಸುವುದು

ಬಸ್ಸಲ್ಲಿ ಶಿರಾಡಿ ಘಾಟ್ ಇಳೀತಾ ಇದ್ದೀರಿ. 500 ಎಂಬಿಯ ಫೈಲ್, 450 ಎಂಬಿ ಬಂದಾಗಿದೆ. ಸಿಗ್ನಲ್ ಹೋಯ್ತು. ಐದು ನಿಮಿಷಕ್ಕೆ ವಾಪಸ್ ಬಂತು. ಈಗ ಬೇಕಾಗಿರೋದು ಉಳಿದ 50 ಎಂಬಿ ಮಾತ್ರ.

ಕರ್ಲ್ ಕಮಾಂಡ್‌ನಲ್ಲಿ ‘ರೀಟ್ರೈ’ ಅನ್ನುವ ಆಯ್ಕೆ ಇದೆ. ಸೋತರೆ ಮತ್ತೆ ಪ್ರಯತ್ನಿಸು ಅಂತ ಅರ್ಥ. ಇನ್ನೊಂದು ಬೇರೆ ಆಯ್ಕೆ, ಬಿಟ್ಟ ಜಾಗದಿಂದ ಮುಂದುವರಿಸು ಅನ್ನೋದಕ್ಕೆ. ಈ ಎರಡಕ್ಕೂ ಪರಸ್ಪರ ಪರಿಚಯ ಇರಲಿಲ್ಲ. ಅಂದ್ರೆ ರೀಟ್ರೈ ಮಾಡುವಾಗ ಅದುವರೆಗೆ ಬಂದದ್ದನ್ನು ಅಳಿಸಿ, ಸೊನ್ನೆಯಿಂದ ಶುರು. 450 ಎಂಬಿ ಡೇಟಾ ನೀರಿನಲ್ಲಿ ಹೋಮ. ಇವೆರಡನ್ನೂ ಜೋಡಿಸಬೇಕು ಅನ್ನೋದು ಪಟ್ಟಿಯ ಒಂದು ಸಾಲು.

ಕೇಳಲಿಕ್ಕೆ ಸುಲಭ. ಆದರೆ ಇಲ್ಲೊಂದು ತೊಡಕಿದೆ. ಆ ಐದು ನಿಮಿಷದಲ್ಲಿ ಸರ್ವರ್‌ನಲ್ಲಿರುವ ಫೈಲ್ ಬದಲಾಗಿದ್ದರೆ? ಹಳೇ ಫೈಲಿನ ತಲೆಗೆ ಹೊಸ ಫೈಲಿನ ಬಾಲ ಅಂಟಿಕೊಳ್ಳುತ್ತೆ. ಡೌನ್‌ಲೋಡ್ ಆಯ್ತು ಅಂತ ತೋರಿಸುತ್ತೆ, ಫೈಲ್ ಮಾತ್ರ ಓಪನ್ ಆಗೋದಿಲ್ಲ. ಹಾಗಾಗಿ ‘450ನೇ ಎಂಬಿಯಿಂದ ಕೊಡು, ಆದರೆ ಫೈಲ್ ಅದೇ ಆಗಿದ್ದರೆ ಮಾತ್ರ’ ಅಂತ ಕೇಳಬೇಕು. ಇದಕ್ಕೆ ವೆಬ್‌ನ ನಿಯಮಗಳಲ್ಲಿ ದಾರಿ ಇದೆ. ಆದರೆ ಎಲ್ಲ ಸರ್ವರ್‌ಗಳೂ ಅದನ್ನ ಪಾಲಿಸೋದಿಲ್ಲ. ಕೆಲವು ಸರ್ವರ್‌ಗಳಂತೂ ತುಂಡು ಕೇಳಿದರೆ ಪೂರ್ತಿ ಫೈಲನ್ನೇ ಮತ್ತೆ ಸುರಿಯುತ್ತವೆ. ಅಂಥ ಪ್ರತಿಯೊಂದು ಸಂದರ್ಭಕ್ಕೂ ಕೋಡ್ ಸಿದ್ಧವಿರಬೇಕು.

ಒಂದೇ ಫೈಲಿಗೆ ಹಲವು ಕೈ

ಕರ್ಲ್ 2019ರಿಂದ ಹಲವು ಫೈಲ್‌ಗಳನ್ನು ಒಟ್ಟೊಟ್ಟಿಗೆ ತರಬಲ್ಲದು. ಆದರೆ ಒಂದೇ ದೊಡ್ಡ ಫೈಲನ್ನು ತುಂಡು ಮಾಡಿ ಒಟ್ಟಿಗೆ ತಂದು ಜೋಡಿಸೋದು? ಡೌನ್‌ಲೋಡ್ ಮ್ಯಾನೇಜರ್ ಆ್ಯಪ್‌ಗಳು ಇದನ್ನು ಮಾಡ್ತವೆ, ನೀವು ನೋಡಿರ್ತೀರಿ. ಅದು ಕರ್ಲ್‌ಗೂ ಬೇಕು ಅನ್ನೋದು ಇನ್ನೊಂದು ಸಾಲು.

ಇದಕ್ಕೆ ಬರೆದಿರುವ ಯೋಜನೆ ಚೆನ್ನಾಗಿದೆ. ಮೊದಲಿಗೇ ಎಂಟು ತುಂಡು, ಹದಿನಾರು ತುಂಡು ಅಂತ ಮಾಡೋದಿಲ್ಲ. ಮಾಮೂಲಿನಂತೆ ಒಂದೇ ಕನೆಕ್ಷನ್‌ನಲ್ಲಿ ಶುರು. ಸ್ವಲ್ಪ ಹೊತ್ತು ನೋಡುವುದು. ಇನ್ನೂ ಬಹಳ ಹೊತ್ತು ಹಿಡಿಯುತ್ತೆ ಅನ್ನಿಸಿದರೆ ಎರಡನೇ ಕನೆಕ್ಷನ್ ತೆರೆದು, ಅರ್ಧ ಕೆಲಸವನ್ನು ಅದಕ್ಕೆ ವಹಿಸುವುದು. ವೇಗ ಹೆಚ್ಚಾಯ್ತಾ? ಹಾಗಾದರೆ ಮತ್ತೆ ಹಂಚು. ಆಗಲಿಲ್ವಾ, ಅಲ್ಲಿಗೇ ನಿಲ್ಲಿಸು. ಎರಡನೇ ಕನೆಕ್ಷನ್‌ಗೆ ಸರ್ವರ್ ಒಪ್ಪಲಿಲ್ಲ ಅಂದ್ರೂ ನಷ್ಟ ಇಲ್ಲ, ಮೊದಲನೆಯದು ತನ್ನ ಪಾಡಿಗೆ ಪೂರ್ತಿ ಮುಗಿಸುತ್ತೆ.

ಇದರಲ್ಲಿ ಸರ್ವರ್ ಬಗ್ಗೆ ಒಂದು ಕಾಳಜಿಯೂ ಇದೆ. ಮದುವೆ ಊಟದ ಪಂಕ್ತಿಯಲ್ಲಿ ಒಬ್ಬನೇ ಎಂಟು ಎಲೆ ಹಿಡ್ಕೊಂಡು ಕೂತರೆ ಹಿಂದಿನವರ ಗತಿ ಏನು? ನಿಮ್ಮ ಡೌನ್‌ಲೋಡ್ ಬೇಗ ಆಗಬೇಕು ನಿಜ, ಪಕ್ಕದವರದ್ದು ನಿಂತೇ ಹೋಗಬಾರದು.

ಸುಮ್ಮನೆ ಕೂತ ಕನೆಕ್ಷನ್‌ಗಳು

ಆ್ಯಪ್ ಒಂದು ಸರ್ವರ್ ಜೊತೆ ಮಾತು ಮುಗಿಸಿದ ಮೇಲೂ ಲಿಬ್‌ಕರ್ಲ್ ಆ ಕನೆಕ್ಷನ್ ಕಡಿಯೋದಿಲ್ಲ, ಮತ್ತೆ ಬೇಕಾಗಬಹುದು ಅಂತ ತೆರೆದೇ ಇಟ್ಟುಕೊಳ್ಳುತ್ತೆ. ಪ್ರತಿ ಸಲ ಹೊಸದಾಗಿ ಕನೆಕ್ಟ್ ಆಗುವ ಸಮಯ ಉಳಿಯುತ್ತೆ. ಸಮಸ್ಯೆ ಏನಂದ್ರೆ, ಹಾಗೆ ಇಟ್ಟಿದ್ದು ಇನ್ನೂ ಜೀವಂತ ಇದೆಯಾ ಅಂತ ಮತ್ತೆ ಬಳಸುವ ಹೊತ್ತಿಗಷ್ಟೇ ಪರೀಕ್ಷೆ ಮಾಡುತ್ತೆ. ಈ ನಡುವೆ ‘ಇದ್ದೀಯಾ?’ ಅಂತ ಸರ್ವರ್ ಕೇಳಿದರೆ ಉತ್ತರ ಕೊಡುವವರಿಲ್ಲ, ಸರ್ವರ್ ಬಾಗಿಲು ಹಾಕಿಬಿಡುತ್ತೆ. ಈ ಕನೆಕ್ಷನ್‌ಗಳ ಮೇಲೆ ಆಗಾಗ ಕಣ್ಣಿಟ್ಟಿರಬೇಕು, ಸತ್ತವನ್ನು ಬೇಗ ತೆಗೀಬೇಕು, ಬದುಕಿದ್ದನ್ನು ಉಳಿಸಬೇಕು ಅನ್ನೋದು ಯೋಜನೆ.

ಇದರ ಜೊತೆ ಎರಡು ದೊಡ್ಡ ಕೆಲಸಗಳಿವೆ. ಒಂದು, ಎಚ್‌ಟಿಟಿಪಿ 3. ವೆಬ್‌ನ ಈ ಹೊಸ ಭಾಷೆ 2022ರಲ್ಲಿ ಅಧಿಕೃತ ಆಯ್ತು. ಹಳೆಯದರಲ್ಲಿ ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಹಿಂದಿನವೆಲ್ಲ ಕಾಯಬೇಕು. ಹೊಸದರಲ್ಲಿ ಆ ಒಂದು ಫೈಲ್ ಮಾತ್ರ ಕಾಯುತ್ತೆ, ಉಳಿದವು ಸಾಗುತ್ತವೆ. ಕರ್ಲ್‌ನಲ್ಲಿ ಇದಿದೆ, ಆದರೆ ಎಲ್ಲರ ಕೈಗೆ ತಲುಪೋದು ತಡವಾಯ್ತು. ಓಪನ್‌ಎಸ್‌ಎಸ್‌ಎಲ್ ಅನ್ನುವ, ಬಹುತೇಕರು ಬಳಸುವ ಎನ್‌ಕ್ರಿಪ್ಶನ್ ಲೈಬ್ರರಿಯಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಬಂದಿದ್ದೇ 2025ರಲ್ಲಿ.

ಎರಡನೆಯದು ಗುಟ್ಟಿನ ವಿಷಯ. ನೀವು ಸುರಕ್ಷಿತ ವೆಬ್‌ಸೈಟ್‌ಗೆ ಹೋದಾಗ ಒಳಗೆ ಏನು ಓದಿದಿರಿ ಅನ್ನೋದು ಹೊರಗಿನವರಿಗೆ ಕಾಣೋದಿಲ್ಲ. ಆದರೆ ಯಾವ ಸೈಟ್‌ಗೆ ಹೋದಿರಿ ಅನ್ನುವ ಹೆಸರು ಸಾಮಾನ್ಯವಾಗಿ ಬಯಲಲ್ಲೇ ಹೋಗುತ್ತೆ. ಕವರ್ ಒಳಗಿನ ಪತ್ರ ಗುಟ್ಟು, ಮೇಲಿನ ವಿಳಾಸ ಎಲ್ಲರಿಗೂ ಕಾಣುತ್ತೆ. ಆ ಹೆಸರನ್ನೂ ಮುಚ್ಚುವ ತಂತ್ರಕ್ಕೆ ಇಸಿಎಚ್ ಅಂತ ಹೆಸರು. ಕರ್ಲ್‌ಗೆ ಇದು ಪ್ರಾಯೋಗಿಕ ರೂಪದಲ್ಲಿ ಬಂತು.

ಮುರಿಯದೆ ಬದಲಿಸೋದು

ಸರಿ, ಐಡಿಯಾಗಳು ಇಷ್ಟಿವೆ, ಫಟಾಫಟ್ ಮಾಡಿಬಿಡಬಹುದಲ್ಲ? ಇಲ್ಲ. ಲಿಬ್‌ಕರ್ಲ್‌ಗೆ ಒಂದು ಹರಕೆ ಇದ್ದ ಹಾಗೆ: 2006ರಿಂದ ಈಚೆಗೆ ಅದು ತನ್ನನ್ನು ಬಳಸುವ ಪ್ರೋಗ್ರಾಂಗಳ ಜೊತೆಗಿನ ಒಪ್ಪಂದ ಮುರಿದಿಲ್ಲ. ಆಗ ಬರೆದ ಆ್ಯಪ್‌ಗೆ ಇವತ್ತಿನ ಲಿಬ್‌ಕರ್ಲ್ ಹಾಕಿದರೂ ಕೆಲಸ ಮಾಡಬೇಕು. ಹಾಗಾಗಿ ಹೊಸದೇನೇ ಸೇರಿಸಿದರೂ ಹಳೆಯದಕ್ಕೆ ಏಟು ಬೀಳಬಾರದು.

ಇನ್ನೊಂದು ಪ್ರಶ್ನೆ ಭಾಷೆಯದು. ಕರ್ಲ್ ಬರೆದಿರೋದು ಸಿ ಭಾಷೆಯಲ್ಲಿ. ಅದರಲ್ಲಿ ಮೆಮೊರಿ ಲೆಕ್ಕ ತಪ್ಪುವುದು ಸುಲಭ. ಕರ್ಲ್‌ನ ಭದ್ರತಾ ದೋಷಗಳಲ್ಲಿ ಸುಮಾರು ಅರ್ಧ ಈ ಥರದವು ಅಂತ ಸ್ಟೆನ್‌ಬರ್ಗ್ ಅವರೇ ಲೆಕ್ಕ ಕೊಟ್ಟಿದ್ದರು. 2023ರ ಅಕ್ಟೋಬರ್ 11ರಂದು 8.4.0 ಆವೃತ್ತಿಯಲ್ಲಿ ಸರಿಪಡಿಸಿದ ಗಂಭೀರ ದೋಷವೂ ಅಂಥದ್ದೇ. ಅತಿ ಉದ್ದದ ಹೆಸರೊಂದು ಬಂದರೆ ಅದಕ್ಕಿಟ್ಟ ಜಾಗ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅದು ಮೂರೂವರೆ ವರ್ಷ ಯಾರ ಕಣ್ಣಿಗೂ ಬೀಳದೆ ಕೋಡ್‌ನಲ್ಲಿ ಕೂತಿತ್ತು.

ಹಾಗಾದರೆ ಸುರಕ್ಷಿತವಾದ ರಸ್ಟ್ ಭಾಷೆಗೆ ಹೋಗಬಹುದಲ್ಲ? ಪ್ರಯತ್ನ ಆಗಿದೆ. ಹೈಪರ್ ಅನ್ನುವ ರಸ್ಟ್ ಲೈಬ್ರರಿಯನ್ನು ಒಂದು ಭಾಗಕ್ಕೆ ಜೋಡಿಸುವ ಕೆಲಸ 2020ರಲ್ಲಿ ಶುರುವಾಗಿ, ಬಹುಪಾಲು ಮುಗಿದಿತ್ತು. ಆದರೆ ಕೊನೆಯ ಸ್ವಲ್ಪ ಕೆಲಸ ಮಾಡಲು ಎರಡೂ ಭಾಷೆ ಬಲ್ಲವರು ಸಿಗಲಿಲ್ಲ, ಬಳಸುವವರೂ ಕಾಣಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಸುಧಾರಣೆ ಅಂದ್ರೆ ಸೇರಿಸೋದು ಮಾತ್ರ ಅಲ್ಲ, ನೋಡಿಕೊಳ್ಳೋರಿಲ್ಲದ್ದನ್ನ ತೆಗೆಯೋದೂ ಹೌದು.

ಯಾರು ಮಾಡ್ತಾರೆ, ಯಾರು ದುಡ್ಡು ಕೊಡ್ತಾರೆ?

ಕರ್ಲ್‌ಗೆ ಈವರೆಗೆ ಸಾವಿರಾರು ಜನ ಒಂದಲ್ಲ ಒಂದು ರೀತಿ ನೆರವಾಗಿದ್ದಾರೆ. ಆದರೆ ಅದನ್ನೇ ಸಂಬಳದ ಕೆಲಸವಾಗಿ ಮಾಡುವವರು ಬೆರಳೆಣಿಕೆಯಷ್ಟು. ಸ್ಟೆನ್‌ಬರ್ಗ್ ಅವರೇ ಪೂರ್ಣಾವಧಿಗೆ ಬಂದಿದ್ದು 2019ರಲ್ಲಿ. ಅಂದ್ರೆ ಶುರುವಾಗಿ ಎರಡು ದಶಕ ಆದ ಮೇಲೆ! ಜರ್ಮನ್ ಸರ್ಕಾರದ ಹಣದಿಂದ ನಡೆಯುವ ಸಾವರಿನ್ ಟೆಕ್ ಫಂಡ್ ಒಂದು ಹಂತದಲ್ಲಿ ನೆರವು ಕೊಟ್ಟಿದೆ. ಇನ್ನು ಉಚಿತವಾಗಿ ಬಳಸುವ ದೊಡ್ಡ ಕಂಪನಿಗಳ ಧೋರಣೆ ಕೇಳಿ. 2022ರ ಜನವರಿಯಲ್ಲಿ ಅಂಥದ್ದೊಂದು ಕಂಪನಿ, ಭದ್ರತೆಯ ಬಗ್ಗೆ ಪ್ರಶ್ನೆಗಳ ಉದ್ದದ ಪಟ್ಟಿ ಕಳಿಸಿ 24 ಗಂಟೆಯಲ್ಲಿ ಉತ್ತರ ಕೊಡಿ ಅಂತ ಅವರಿಗೆ ಇಮೇಲ್ ಮಾಡಿತ್ತು. ಅವರ ನಡುವೆ ಯಾವ ಒಪ್ಪಂದವೂ ಇರಲಿಲ್ಲ. ಒಂದು ಪೈಸೆಯೂ ಕೊಟ್ಟಿರಲಿಲ್ಲ.

ಈಚೆಗೆ ಇನ್ನೊಂದು ಕಾಟ. ದೋಷ ಹುಡುಕಿಕೊಟ್ಟರೆ ಬಹುಮಾನ ಅನ್ನುವ ಯೋಜನೆ ಕರ್ಲ್‌ನಲ್ಲಿ 2019ರಿಂದ ಇತ್ತು. ಎಐ ಬಂದ ಮೇಲೆ, ಕೋಡ್ ಓದದೆಯೇ ಚಾಟ್‌ಬಾಟ್ ಕೈಲಿ ಬರೆಸಿದ ಸುಳ್ಳು ದೋಷವರದಿಗಳು ಸುರಿಯತೊಡಗಿದವು. ನೋಡಲಿಕ್ಕೆ ಗಂಭೀರ, ಒಳಗೆ ಟೊಳ್ಳು. ಆದರೂ ಪ್ರತಿಯೊಂದನ್ನೂ ಮನುಷ್ಯರೇ ಕೂತು ಓದಬೇಕು. ಕೊನೆಗೆ 2026ರ ಜನವರಿ ಅಂತ್ಯಕ್ಕೆ ಬಹುಮಾನವನ್ನೇ ನಿಲ್ಲಿಸಿದರು. ಎಐ ಉಪಕರಣಗಳನ್ನು ತಿಳಿದು ಬಳಸಿದವರು ನಿಜವಾದ ದೋಷಗಳನ್ನು ಹುಡುಕಿಕೊಟ್ಟಿದ್ದೂ ಇದೆ ಅನ್ನೋದನ್ನೂ ಹೇಳಬೇಕು. ಆದರೆ ಕಸ ಹೆಕ್ಕುವುದರಲ್ಲಿ ಕಳೆದ ಗಂಟೆಗಳು ಎಲ್ಲಿಂದ ಬಂದವು? ನಾವು ಇಷ್ಟೊತ್ತು ಮಾತಾಡಿದ ಆ ಪಟ್ಟಿಯ ಕೆಲಸದಿಂದಲೇ.

ನಿಮಗೇನು ಸಂಬಂಧ?

ಮೂರು ಮಾತು. ಒಂದು, ಕರ್ಲ್‌ನಲ್ಲಿ ದೋಷ ಸರಿಯಾದ ತಕ್ಷಣ ನಿಮ್ಮ ಫೋನಿನಲ್ಲಿ ಸರಿಯಾಗೋದಿಲ್ಲ. ಆ್ಯಪ್ ಮಾಡಿದವರು ತಮ್ಮೊಳಗಿನ ಪ್ರತಿಯನ್ನು ಬದಲಿಸಬೇಕು, ಆಮೇಲೆ ನೀವು ಅಪ್‌ಡೇಟ್ ಒತ್ತಬೇಕು. ‘ದೋಷ ನಿವಾರಣೆ ಮತ್ತು ಸುಧಾರಣೆ’ ಅಂತ ಒಂದೇ ಸಾಲು ಇರುವ ಬೋರಿಂಗ್ ಅಪ್‌ಡೇಟ್ ಇರುತ್ತಲ್ಲ, ಇಂಥದ್ದು ಬರೋದು ಅದರಲ್ಲೇ. ಮುಂದೂಡಬೇಡಿ.

ಎರಡು, ನೀವು ಎಂಜಿನಿಯರಿಂಗ್, ಬಿಸಿಎ ಓದ್ತಾ ಇದ್ದು ಪ್ರಾಜೆಕ್ಟ್ ಹುಡುಕ್ತಾ ಇದ್ದರೆ, ಆ ‘ಮಾಡಬೇಕಾದ್ದು’ ಪಟ್ಟಿಯನ್ನು ಒಮ್ಮೆ ಓದಿ. ಅನುಮತಿ ಕೇಳಬೇಕಿಲ್ಲ. ಕೋಡೇ ಬರೀಬೇಕು ಅಂತಿಲ್ಲ, ದಾಖಲೆಯಲ್ಲಿನ ತಪ್ಪು ತಿದ್ದಿದರೂ ಸರಿ, ಒಂದು ಟೆಸ್ಟ್ ಬರೆದರೂ ಸರಿ. ಒಂದೇ ಷರತ್ತು: ಚಾಟ್‌ಬಾಟ್ ಹೇಳಿದ್ದನ್ನು ನೀವೇ ಪರೀಕ್ಷಿಸದೆ ಕಳಿಸಬೇಡಿ. ಅದನ್ನು ಓದಲು ಆ ಕಡೆ ಒಬ್ಬರು ತಮ್ಮ ಸಮಯ ಕೊಡ್ತಾರೆ.

ಮೂರನೆಯದು, ಮುಂದೆ ನೀವೇ ಒಂದು ಕಂಪನಿಯಲ್ಲಿ ಕೂತು ಲಿಬ್‌ಕರ್ಲ್ ಬಳಸುವ ದಿನ ಬಂದೇ ಬರುತ್ತೆ. ಆಗ ಇದನ್ನು ನೋಡಿಕೊಳ್ಳುವವರಿಗೆ ನಮ್ಮ ಕಡೆಯಿಂದ ಏನಾದರೂ ಹೋಗ್ತಾ ಇದೆಯಾ ಅಂತ ಮೀಟಿಂಗ್‌ನಲ್ಲಿ ಒಮ್ಮೆ ಕೇಳಿ ನೋಡಿ.

ಇವತ್ತಿಗೆ ಇಷ್ಟು. ಪ್ರಶ್ನೆಗಳಿದ್ದರೆ ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಉತ್ತರಿಸೋಣ.