ನಂಬರ್ ಬ್ಯಾಂಕಿನದು, ದನಿ ಯಾರದು?

ಅಂಗಡಿ ಗಲ್ಲಾದ ಮುಂದೋ, ಬಸ್ಸಿನ ನೂಕುನುಗ್ಗಲಲ್ಲೋ ಫೋನ್ ಬಡಿದುಕೊಳ್ಳುತ್ತೆ. ನೋಡಿದರೆ ಬ್ಯಾಂಕಿನದೇ ನಂಬರ್! ನಂಬಿದಿರೋ, ಕೆಟ್ಟಿರಿ.

ಕರೆಯ ಜೊತೆ ಯಾವ ನಂಬರ್ ಬರುತ್ತೋ ಅದನ್ನೇ ಫೋನು ತೋರಿಸುತ್ತೆ. ಅಸಲಿಯೋ ಖೋಟಾನೋ ಅದಕ್ಕೇನು ಗೊತ್ತು? ಇಂಟರ್‌ನೆಟ್ ಮೂಲಕ ಕರೆ ಮಾಡುವ ಖದೀಮರು ಬೇರೆಯವರ ನಂಬರ್ ತೂರಿಸಬಲ್ಲರು. ವಿದೇಶದಿಂದ ಹೀಗೆ ಭಾರತದ ನಂಬರಿನ ವೇಷ ಹಾಕಿ ಬರುವ ಕರೆಗಳನ್ನು ತಡೆಯಲು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ವ್ಯವಸ್ಥೆಯೊಂದನ್ನು ಆರಂಭಿಸಿತು. ಆದರೂ ಎಚ್ಚರ ನಮ್ಮದೇ.

ಓ.ಟಿ.ಪಿ. ಕೇಳಿದರೆ ಮಾತಿಲ್ಲದೆ ಫೋನ್ ಇಡಿ. ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಡಯಲ್ ಮಾಡಿ. ವೇಷ ಹಾಕಿದವನು ನಂಬರನ್ನು ತೋರಿಸಬಲ್ಲ. ನೀವು ಡಯಲ್ ಮಾಡಿದ ಕರೆ ಅಸಲಿ ಬ್ಯಾಂಕಿಗೇ ಹೋಗುತ್ತೆ.

ದುಡ್ಡು ಹೋಗೇಬಿಟ್ಟಿತೆ? ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.