ಎರಡನೆಯ ಪ್ರಾಶಸ್ತ್ಯದ ಬೆಲೆ

ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆದ್ದರೆಂಬುದು ನಮ್ಮ ಲೋಕಸಭೆ, ವಿಧಾನಸಭೆಗಳ ಚುನಾವಣಾ ಕ್ರಮ. ಮತಗಳು ಹಲವರಲ್ಲಿ ಹಂಚಿಹೋದಾಗ ಅರ್ಧಕ್ಕಿಂತ ಕಡಿಮೆ ಮತ ಗಳಿಸಿದವರೂ ಇದರಲ್ಲಿ ಆಯ್ಕೆಯಾಗುವುದುಂಟು. ರಾಷ್ಟ್ರಪತಿಯ ಚುನಾವಣೆಗಾದರೋ ಸಂವಿಧಾನದ 55ನೆಯ ಅನುಚ್ಛೇದವು ಏಕ ವರ್ಗಾವಣೀಯ ಮತವೆಂಬ ಬೇರೊಂದು ಕ್ರಮವನ್ನು ವಿಧಿಸಿದೆ.

ಇಲ್ಲಿ ಮತದಾರರು ಸಂಸತ್ತಿನ ಹಾಗೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು. ಶಾಸಕರ ಮತದ ಮೌಲ್ಯವು ಅವರವರ ರಾಜ್ಯದ ಜನಸಂಖ್ಯೆಯನ್ನು ಅನುಸರಿಸುತ್ತದೆ. ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತನ್ನ ಪ್ರಾಶಸ್ತ್ಯವನ್ನು ಬರೆಯುತ್ತಾನೆ. ಕ್ರಮಬದ್ಧ ಮತಗಳ ಒಟ್ಟು ಮೌಲ್ಯದ ಅರ್ಧವನ್ನು ಮೀರಿದವರು ವಿಜಯಿಗಳು. ಯಾರೂ ಮೀರದಿದ್ದರೆ, ಎಲ್ಲರಿಗಿಂತ ಕಡಿಮೆ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚುತ್ತಾರೆ. ಯಾರಾದರೂ ಗುರಿ ಮುಟ್ಟುವವರೆಗೆ ಈ ಕಾರ್ಯ ಮುಂದುವರಿಯುತ್ತದೆ.

ಈ ಕ್ರಮದ ಸತ್ವಪರೀಕ್ಷೆ ನಡೆದುದು 1969ರಲ್ಲಿ. ಆ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಲಿಯು ನೀಲಂ ಸಂಜೀವರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಜನಸಂಘ, ಸ್ವತಂತ್ರ ಪಕ್ಷಗಳ ಬೆಂಬಲ ಸಿ. ಡಿ. ದೇಶಮುಖರಿಗಿತ್ತು. ಅವರ ಬೆಂಬಲಿಗರ ಎರಡನೆಯ ಪ್ರಾಶಸ್ತ್ಯ ರೆಡ್ಡಿಯವರಿಗೆ ದೊರೆಯಲೆಂದು ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕೋರಿದರು. ಪ್ರಧಾನಿ ಇಂದಿರಾ ಗಾಂಧಿಯವರ ಕಡೆಯಿಂದ ಆತ್ಮಸಾಕ್ಷಿಯ ಮತಕ್ಕೆ ಕರೆ ಬಂದಿತು.

ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ಬಂದಿತು. ಗೆಲುವಿಗೆ ಬೇಕಾದುದು 4,18,169. ಉಳಿದವರೆಲ್ಲರ ಮತಪತ್ರಗಳನ್ನು ಹಂಚಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಆಯಿತು. ಹಂಚಿಕೆಯಲ್ಲಿ ರೆಡ್ಡಿಯವರಿಗೆ 91,879 ಸೇರಿದರೆ, ಗಿರಿಯವರಿಗೆ ಸೇರಿದುದು 18,562 ಮಾತ್ರ. ಆದರೂ ಮೊದಲಿನ ಅಂತರವು ತುಂಬಲಿಲ್ಲ. ಮುಂದಿನ ಪ್ರಾಶಸ್ತ್ಯವಿಲ್ಲದೆ ಇಬ್ಬರಿಗೂ ಸಲ್ಲದೆ ಉಳಿದ ಮೌಲ್ಯ 10,833.

ಕರ್ನಾಟಕ ವಿಧಾನ ಪರಿಷತ್ತಿನ ಶಿಕ್ಷಕರ ಹಾಗೂ ಪದವೀಧರರ ಕ್ಷೇತ್ರಗಳಲ್ಲಿಯೂ ಮತ ನೀಡುವ ರೀತಿ ಇದೇ. ಎರಡನೆಯ ಅಂಕಿಯನ್ನು ಬರೆದರೆ ಮೊದಲನೆಯವರಿಗೆ ಹಾನಿಯಾದೀತೆಂಬ ಶಂಕೆ ಕೆಲವರಲ್ಲಿ ಉಂಟು, ಅದು ನಿರಾಧಾರ. ಮೊದಲನೆಯವರು ಕಣದಲ್ಲಿರುವವರೆಗೂ ಎರಡನೆಯ ಅಂಕಿಯನ್ನು ಯಾರೂ ನೋಡುವುದಿಲ್ಲ. ಆದರೆ 1 ಎಂಬ ಅಂಕಿಯೇ ಇಲ್ಲದ ಅಥವಾ ಅದು ಇಬ್ಬರ ಮುಂದಿರುವ ಮತಪತ್ರ ತಿರಸ್ಕೃತವಾಗುತ್ತದೆ. ಅನ್ಯರಿಗೆ ಅಕ್ಷರ ಕಲಿಸುವವರ ಮತವು ಒಂದು ಅಂಕಿಯ ತಪ್ಪಿನಿಂದ ವ್ಯರ್ಥವಾಗಬಾರದು.