ಎರಡು ಕಾರು, ಒಂದು ಲೆಕ್ಕ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಮಕ್ಕಳಿಗೆ ಕಾರು ಕಾರ್ಖಾನೆ ಈಗ ದೂರದ ಮಾತಲ್ಲ. ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಇಂದಿನ ಕಾರಿನ ಎಂಜಿನ್ ಅರ್ಥವಾಗಬೇಕಾದರೆ ಅಮೆರಿಕದ ಎರಡು ಹಳೆಯ ಕಾರುಗಳನ್ನು ಹೋಲಿಸಿ ನೋಡೋಣ. ಎರಡೂ ಫೋರ್ಡ್ ಕಂಪನಿಯವೇ.

ಮೊದಲನೆಯದು 1908ರಲ್ಲಿ ಬಂದ ಮಾಡೆಲ್ ಟಿ. ಅದರ ಎಂಜಿನ್ 2.9 ಲೀಟರಿನದು, ಶಕ್ತಿ 20 ಅಶ್ವಶಕ್ತಿ. ಎರಡನೆಯದು 1965ರ ಮಸ್ಟಾಂಗ್. ಅದಕ್ಕೆ ಹಾಕುತ್ತಿದ್ದ ಒಂದು ಎಂಜಿನ್ 4.7 ಲೀಟರಿನದು, ಶಕ್ತಿ 225 ಅಶ್ವಶಕ್ತಿ. ಭಾಗಿಸಿ ನೋಡಿ. ಲೀಟರಿಗೆ ಮಾಡೆಲ್ ಟಿಯಲ್ಲಿ ಸುಮಾರು 7, ಮಸ್ಟಾಂಗ್‌ನಲ್ಲಿ ಸುಮಾರು 48. ಹೆಚ್ಚುಕಡಿಮೆ ಏಳು ಪಟ್ಟು! ಇದು ಹೇಗಾಯ್ತು?

ಒಂದು ಕಾರಣ ವೇಗ. ಪೂರ್ಣ ಶಕ್ತಿ ಕೊಡುವಾಗ ಮಾಡೆಲ್ ಟಿ ಎಂಜಿನ್ ನಿಮಿಷಕ್ಕೆ 1600 ಸುತ್ತು ತಿರುಗಿದರೆ, ಮಸ್ಟಾಂಗ್‌ನದು 4800 ಸುತ್ತು. ಇನ್ನೊಂದು ಮುಖ್ಯ ಕಾರಣ ಒತ್ತಡ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿಂದ ಮುಚ್ಚಿ ಒತ್ತಿ ನೋಡಿ. ಒಳಗಿನ ಗಾಳಿ ಕುಗ್ಗಿ ಬಿಸಿಯಾಗುತ್ತೆ. ಎಂಜಿನ್ನಿನಲ್ಲಿ ಪೆಟ್ರೋಲ್ ಬೆರೆತ ಗಾಳಿಯನ್ನು ಪಿಸ್ಟನ್ ಹೀಗೆಯೇ ಒತ್ತುತ್ತದೆ. ಮಾಡೆಲ್ ಟಿಯಲ್ಲಿ ಅದು ಸುಮಾರು ಕಾಲು ಭಾಗಕ್ಕೆ ಕುಗ್ಗಿದರೆ, ಈ ಮಸ್ಟಾಂಗ್‌ನಲ್ಲಿ ಹತ್ತನೇ ಒಂದು ಭಾಗಕ್ಕೆ. ಹೆಚ್ಚು ಒತ್ತಿದಷ್ಟೂ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತೆ.

ಆದರೆ ಇಲ್ಲೊಂದು ತೊಂದರೆ ಇದೆ. ಒತ್ತಡ ಮಿತಿ ಮೀರಿದರೆ ಮಿಶ್ರಣ ಬಿಸಿಗೆ ತಾನಾಗಿಯೇ ಸಿಡಿದು ಎಂಜಿನ್ ಟಕಟಕ ಬಡಿದುಕೊಳ್ಳುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅಂತಾರೆ. ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಇದು ನಿಲ್ಲುತ್ತದೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೆ ಕಂಡುಕೊಂಡರು. ಮಸ್ಟಾಂಗ್ ಆ ಪೆಟ್ರೋಲಿನ ಕಾಲದ ಕಾರು.

ಸೀಸ ವಿಷ. ಹೊಗೆಯೊಡನೆ ಹೊರಬಂದು ಉಸಿರು, ಧೂಳಿನ ಮೂಲಕ ಮೈ ಸೇರುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದರಿಂದ ಹೆಚ್ಚು ಹಾನಿ. ಮನೆಯಲ್ಲಿ ಕಾರಿಲ್ಲದ ಮಕ್ಕಳೂ ಆ ಹೊಗೆ ಕುಡಿಯಬೇಕಾಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ಮಾರಾಟ 2000ದಲ್ಲಿ ನಿಂತಿತು. ವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅಲ್ಲಿ ನಿಂತದ್ದು 2021ರಲ್ಲಿ.

ಇಂದಿನ ಎಂಜಿನ್‌ಗಳು ಸೀಸವಿಲ್ಲದೆಯೇ ಅಷ್ಟು ಒತ್ತಡ ತಾಳುತ್ತವೆ. ಪೆಟ್ರೋಲ್ ಸುಧಾರಿಸಿದೆ. ನಾಕಿಂಗ್ ಶುರುವಾದರೆ ಸೆನ್ಸರ್ ಪತ್ತೆಹಚ್ಚುತ್ತೆ, ಕಂಪ್ಯೂಟರ್ ಕಿಡಿ ಹಾರುವ ಸಮಯ ಬದಲಿಸುತ್ತೆ.

ಮುಂದೆ ಯಾವುದಾದರೂ ಕಾರು ನೋಡಿದಾಗ ಎಷ್ಟು ಅಶ್ವಶಕ್ತಿ ಅಂತ ಕೇಳಿ. ಜೊತೆಗೆ, ಅದರ ಹೊಗೆಯಲ್ಲಿ ಏನಿದೆ ಅಂತಲೂ ಕೇಳಿ.